ಬದುಕಿರುವ ಅಕ್ಕನಿಗಾಗಿ ಅತ್ತವನು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅಳುಮುಂಜಿ ಎಂದೇ ಕರೆಯುತ್ತಿದ್ದರು. ಬೇಕೆಂದಾಗ ಅಳುವುದು ಅವಳ ಕೆಲಸವಾಗಿತ್ತು.

ಮನಃಶಾಸ್ತ್ರ ವಿಭಾಗದ ಆ ಪುಟ್ಟ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬ, ಗೋಡೆಯ ಮೇಲೊಂದು ಕ್ಯಾಮೆರಾ. ಪ್ರಯೋಗಕ್ಕೆ ಬಂದವರಿಗೆ ಕ್ಯಾಮೆರಾ ಇದೆಯೆಂದು ಮೊದಲೇ ಹೇಳುತ್ತಿದ್ದರು. ಎದುರು ಕುರ್ಚಿಯ ಹುಡುಗಿ ಲ್ಯಾಬಿನವಳೇ ಎಂದು ಮಾತ್ರ ಹೇಳುತ್ತಿರಲಿಲ್ಲ. ಅದನ್ನು ತಿಂಗಳ ನಂತರ, ಎರಡನೇ ಭೇಟಿ ಮುಗಿದ ಮೇಲೆ ತಿಳಿಸಬೇಕೆಂಬುದು ನಿಯಮ. ಅಪರಿಚಿತರೊಬ್ಬರು ಮನಸ್ಸು ಬಿಚ್ಚಿದರೆ ಎದುರಿಗಿದ್ದವರೂ ಬಿಚ್ಚುತ್ತಾರೆಯೇ, ಬಿಚ್ಚಿದ ಮೇಲೆ ಹಗುರಾಗುತ್ತಾರೆಯೇ? ಲ್ಯಾಬ್ ನಡೆಸುತ್ತಿದ್ದ ಮೇಡಂ ಹುಡುಕುತ್ತಿದ್ದದ್ದು ಇದನ್ನೇ.

ಆ ಬೆಳಗ್ಗೆ ಬಂದವನು ಕನ್ನಡಕದ ಅಂಗಡಿಯವನು. ಕುರ್ಚಿಯ ಅಂಚಿನಲ್ಲಿ ಕೂತು, ಅವಳ ಮುಖವನ್ನೇ ಒಂದು ಕ್ಷಣ ಹೆಚ್ಚಾಗಿ ನೋಡಿ, ನಾಚಿ ಕೆಳಗೆ ನೋಡಿದ.

ಅವಳು ಕಲಿತ ಪಾಠ ಒಪ್ಪಿಸಿದಳು. "ನಮ್ಮಕ್ಕ ತೀರಿಕೊಂಡ್ಲು. ಜಗಳ ಆಡಿದ್ದೆ. ಆಸ್ಪತ್ರೆಗೆ ನೋಡೋಕೂ ಹೋಗ್ಲಿಲ್ಲ." ಕಣ್ಣೀರು ಸರಿಯಾದ ಹೊತ್ತಿಗೆ ಬಂತು.

ಬೇರೆಯವರೆಲ್ಲ ಟಿಶ್ಯೂ ಕೊಡುತ್ತಿದ್ದರು. ಇವನು ಕೊಡಲಿಲ್ಲ. "ನಾನು ಹೋಗಿದ್ದೆ ರೀ. ಆದ್ರೆ ಮೇಲೆ ಹತ್ತಲಿಲ್ಲ" ಎಂದ.

ಆಸ್ಪತ್ರೆಯಲ್ಲಿ ಇದ್ದದ್ದು ಅವನ ಅಪ್ಪ. "ಕೆಳಗೆ ಕಾರಲ್ಲೇ ಕೂತಿದ್ದೆ. ಅಪ್ಪಾನೇ ಮೊದ್ಲು ಫೋನ್ ಮಾಡ್ಲಿ ಅಂತ ಹಟ. ಸಂಜೆ ಹೊತ್ತಿಗೆ ಅಪ್ಪ ಇರ್ಲಿಲ್ಲ. ಅಮ್ಮನ ಹತ್ರ, ನಾನು ಊರಲ್ಲೇ ಇರ್ಲಿಲ್ಲ ಅಂತ ಸುಳ್ಳು ಹೇಳಿದೆ."

"ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?" ಅದೂ ಅವಳು ಕೇಳಲೇಬೇಕಿದ್ದ ಪ್ರಶ್ನೆ.

"ಇಲ್ಲ. ನಿಮಗೇ ಮೊದ್ಲು."

ಹೊರಡುವಾಗ ಬಾಗಿಲ ಬಳಿ ತಿರುಗಿ ನಿಂತ. "ನಿಮ್ಮ ಕನ್ನಡಕ ಸೊಟ್ಟಗಿದೆ. ಅಳುವಾಗ ಎಡಕ್ಕೆ ಜಾರತ್ತೆ. ಅಂಗಡಿಗೆ ಬನ್ನಿ, ಸರಿ ಮಾಡಿಕೊಡ್ತೀನಿ."

ಪ್ರಯೋಗಕ್ಕೆ ಬಂದವರನ್ನು ಹೊರಗೆ ಭೇಟಿಯಾಗುವಂತಿರಲಿಲ್ಲ. ಅವಳು ಕೆಲವು ದಿನ ತಡೆದುಕೊಂಡಳು. ಆಮೇಲೆ, ಕನ್ನಡಕ ನಿಜಕ್ಕೂ ಜಾರುತ್ತಿದೆಯಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಹೋದಳು.

ಅವನು ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಮೆಲ್ಲಗೆ ಬಗ್ಗಿಸಿದ. ಅವಳ ಕಿವಿಯ ಹಿಂದೆ ಕೂದಲು ಸರಿಸಿ ಕೂರಿಸಿ, ಬಗ್ಗಿ ನೋಡಿದ. ಕನ್ನಡಕ ಮೊದಲ ಸಲಕ್ಕೇ ಸರಿಯಾಗಿ ಕೂತಿತ್ತು. ನೋಡುವುದು ಮುಗಿಯಲಿಲ್ಲ.

"ಕನ್ನಡಕ ನೋಡ್ತಿದೀರೋ, ಕಣ್ಣು ನೋಡ್ತಿದೀರೋ?"

"ಒಂದನ್ನ ಬಿಟ್ಟು ಇನ್ನೊಂದು ನೋಡೋ ಹಾಗಿಲ್ಲ ರೀ. ನಮ್ಮ ಕಸುಬೇ ಹಾಗೆ."

ಅವಳ ಕೆನ್ನೆ ಬಿಸಿಯಾಯಿತು. ನಕ್ಕಳು. ನಗುವಾಗಲೇ ಅವನು ಮೆಲ್ಲಗೆ, "ಈಗ ಸ್ವಲ್ಪ ಪರ್ವಾಗಿಲ್ವಾ? ಅಕ್ಕನ ನೆನಪು..." ಎಂದ. ಅವಳು ನಗು ನಿಲ್ಲಿಸಿ, ಬಿಲ್ಲಿಗೆ ತನ್ನ ಹೆಸರು, ವಿಳಾಸ ಬರೆಸತೊಡಗಿದಳು.

ಮತ್ತೆ ಹೋದಳು. ಮತ್ತೆ ಮತ್ತೆ ಹೋದಳು. ಅಂಗಡಿಯ ಎದುರಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವಳೆದುರು ಯಾರಾದರೂ ಅಕ್ಕ ತಂಗಿಯರ ಮಾತೆತ್ತಿದರೆ ಅವನು ಥಟ್ಟನೆ ಮಾತು ಬದಲಿಸುತ್ತಿದ್ದ. ಆ ಕಾಳಜಿ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮನೆಯಲ್ಲಿ ಅಕ್ಕ ಗುಂಡುಕಲ್ಲಿನ ಹಾಗಿದ್ದಳು. ವಿಷಯ ಕೇಳಿ ಮಡಚುತ್ತಿದ್ದ ಬಟ್ಟೆಯನ್ನು ಕೈಬಿಟ್ಟಳು.

"ನನ್ನನ್ನ ಸಾಯಿಸಿ ಸೈನ್ಸ್ ಮಾಡ್ತೀಯೇನೇ? ಅಜ್ಜಿಯನ್ನೋ ಗಿಜ್ಜಿಯನ್ನೋ ಸಾಯಿಸೋಕೆ ಆಗ್ತಿರ್ಲಿಲ್ವಾ?"

"ತಮಾಷೆ ಬೇಡ ಕಣೇ. ಅವರು ನನ್ನ ಪೂರ್ತಿ ನಂಬಿದಾರೆ."

ಅಕ್ಕ ಅವಳ ಮುಖ ನೋಡಿದಳು. ದನಿ ತಗ್ಗಿತು. "ಹಾಗಿದ್ರೆ ಹೇಳ್ಬಿಡು. ಅವನಾಗೇ ಕಂಡುಹಿಡಿಯೋ ಮುಂಚೆ ಹೇಳು."

ಹೇಳಲೆಂದೇ ಮರುದಿನ ಹೋದಳು. ಅವನು ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದ, ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಅರಳಿತ್ತು.

"ಅಮ್ಮನಿಗೆ ಹೇಳ್ಬಿಟ್ಟೆ ರೀ! ಕಾರಲ್ಲಿ ಕೂತಿದ್ದನ್ನೆಲ್ಲ. ಅಮ್ಮನಿಗೆ ಮೊದಲೇ ಗೊತ್ತಿತ್ತಂತೆ! ಅಪ್ಪ ಕಿಟಕಿಯಿಂದ ಕಾರು ನೋಡಿದ್ರಂತೆ. 'ಬಂದಿದಾನೆ ಬಿಡು, ಕೋಪ ಇಳಿದ ಮೇಲೆ ಹತ್ತಿ ಬರ್ತಾನೆ' ಅಂದು ಸಮಾಧಾನವಾಗಿ ಮಲಗಿದ್ರಂತೆ." ಅವನು ಮೊದಲ ಬಾರಿಗೆ ಅವಳ ಕೈ ಹಿಡಿದ. "ಅವತ್ತು ನೀವು ಅಳದೇ ಇದ್ದಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ. ನಿಮ್ಮ ಅಕ್ಕನ್ನ ನೆನೆಸ್ಕೊಂಡು ನಿನ್ನೆ ನಾನೂ ಅತ್ತೆ. ಪಾಪ, ಅವರಿಗೆ ಕಿಟಕೀಲಿ ಯಾರೂ ಕಾಣಿಸಿರಲ್ಲ ಅಲ್ವಾ?"

ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಈ ಕೈ ಬಿಡಿಸಿಕೊಂಡರೆ ಇನ್ನೆಂದೂ ಸಿಗಲಿಕ್ಕಿಲ್ಲ. ಆದರೂ ಬಿಡಿಸಿಕೊಂಡಳು.

"ನಮ್ಮಕ್ಕ ಸತ್ತಿಲ್ಲ. ನಾನು ಲ್ಯಾಬಿನವಳು. ಅದು ಪ್ರಯೋಗ. ಅಳೋದು ನನ್ನ ಕೆಲಸ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಾನು ಮಾತಾಡಿದ್ದು... ಆ ವಿಡಿಯೋ?"

"ತಂಡದವರು ನೋಡಿದಾರೆ. ಎಷ್ಟು ಮನಸ್ಸು ಬಿಚ್ಚಿದೀರಿ ಅಂತ ಅಂಕ ಹಾಕ್ತಾರೆ."

"ನನಗೆಷ್ಟು ಬಂತು?"

ಅವಳು ತಲೆ ತಗ್ಗಿಸಿದಳು. "ಪೂರ್ತಿ."

ಅವನು ನಕ್ಕ. ಆ ನಗುವಿಗಿಂತ ಬೈಗುಳ ವಾಸಿಯಿತ್ತು. "ಪಾಸಾದೆ ಹಾಗಾದ್ರೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಎದುರಿನ ಮೆಟ್ಟಿಲ ಮೇಲೆ ಕೂತಳು. ಅಳು ಬರಲಿಲ್ಲ. ಬಂದರೂ ಯಾವ ಮುಖ ಹೊತ್ತು ಅಳಲಿ ಅನ್ನಿಸಿತು.

ಮೇಡಂ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಮೇಡಂ ಕೂಗಾಡಲಿಲ್ಲ. "ನಿಯಮ ಮುರಿದಿದೀಯ, ಇನ್ನು ಈ ಪ್ರಯೋಗದಲ್ಲಿ ನಿನ್ನನ್ನ ಇಟ್ಕೊಳ್ಳೋಕಾಗಲ್ಲ" ಎಂದರು. ಆಮೇಲೆ ಕಡತ ಮುಚ್ಚಿಡುತ್ತ, "ಒಂದು ತಿಂಗಳು ಜನರನ್ನ ಸುಳ್ಳಲ್ಲಿ ಇಡೋದು ಜಾಸ್ತಿಯಾಯ್ತೇನೋ. ಆ ತಪ್ಪು ನಂದೂ ಹೌದು" ಎಂದರು. ಅವನನ್ನು ತಾವೇ ಕರೆಸಿ, ವಿವರಿಸಿ, ಕ್ಷಮೆ ಕೇಳಿ, ಅವನ ಇಚ್ಛೆಯಂತೆ ವಿಡಿಯೋ ಅಳಿಸಿಹಾಕಿದರು. ಅವಳು ಕಾರಿಡಾರಿನ ಕೊನೆಯಲ್ಲಿ ನಿಂತಿದ್ದಳು. ಅವನು ಎದುರಿಗೇ ಹಾದುಹೋದ. ತಿರುಗಿ ನೋಡದೆ ಮೆಟ್ಟಿಲಿಳಿದ.

ಭಾನುವಾರ ಅವಳ ಮಹಡಿ ಮನೆಯ ಬೆಲ್ ಆಯಿತು. ಬಾಗಿಲು ತೆಗೆದದ್ದು ಅಕ್ಕ, ಅವಳ ಹಿಂದೆಯೇ ತಂಗಿ.

"ಇವರ ಅಕ್ಕ ನೀವೇನಾ?" ಹೊಸ್ತಿಲಾಚೆ ನಿಂತಿದ್ದ ಅವನು ಕೇಳಿದ.

"ಸತ್ತವಳಾ, ಬದುಕಿರೋಳಾ? ಎರಡೂ ನಾನೇ. ಒಳಗೆ ಬನ್ನಿ."

ಅವನು ಅಕ್ಕನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಏನಿಲ್ಲ, ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು. ನಿಮಗೋಸ್ಕರ ಸುಮ್ಸುಮ್ನೆ ಅತ್ಬಿಟ್ಟಿದೀನಿ."

ಅಕ್ಕ ಅವನಿಗೆ ಕುರ್ಚಿ ತೋರಿಸಿ, ಚಹಾ ಇಡುತ್ತೇನೆಂದು ಒಳಗೆ ಸರಿದಳು.

ಇಬ್ಬರೇ ಉಳಿದರು. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

"ಸಿಟ್ಟು ಹೋಗಿಲ್ಲ" ಎಂದ ಅವನು. "ಆದ್ರೆ ಕಾರಲ್ಲಿ ಕೂತು ಕಾಯೋ ಕೆಲಸ ಇನ್ನೊಂದ್ಸಲ ಮಾಡಲ್ಲ ಅಂತ ಹತ್ತಿ ಬಂದೆ."

"ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ ರೀ."

"ಸದ್ಯಕ್ಕೆ ಕೇಳಬೇಡಿ. ನನ್ನೆದುರು ಅಳಲೂ ಬೇಡಿ. ನಂಬೋಕೆ ಟೈಮ್ ಬೇಕು."

"ನಗಬಹುದಾ?"

"ನಗು ಪರ್ವಾಗಿಲ್ಲ. ಅದನ್ನ ನಟಿಸೋಕೆ ನಿಮಗೆ ಬರಲ್ಲ. ಅಂಗಡೀಲೇ ನೋಡಿದೀನಿ."

ಅವಳು ನಗಲು ಹೋದಳು. ಕಣ್ಣು ಮಾತು ಕೇಳಲಿಲ್ಲ. ಗಡಬಡಿಸಿ ಅಡುಗೆಮನೆಗೆ ನುಗ್ಗಿ, ಅವನಿಗೆ ಬೆನ್ನು ಮಾಡಿ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಅಕ್ಕ ಮೆಲ್ಲಗೆ ಹೊರನಡೆದಳು.

ಅವನು ಬಂದು ಪಕ್ಕದಲ್ಲಿ ನಿಂತ. ಅವಳ ಕೈಯಿಂದ ಒಂದೊಂದೇ ಲೋಟ ತೆಗೆದುಕೊಂಡು ಒರೆಸಿ ಇಡುತ್ತ ಹೋದ.