ಪ್ರಸಾದಕ್ಕೆ ಏಳದವನು

ತೊಮಾಸಾ ಒಳಗೆ ಬಂದವಳೇ ದೋನ್ ಎವಾರಿಸ್ತೋನ ಕಾಲಬುಡದಲ್ಲಿ ಕುಸಿದಳು. ಗಿರಣಿಯ ಕ್ರಿಸಾಂತೋನನ್ನು ಹಿಂದಿನ ಶನಿವಾರ ಸಂಜೆ ಯಾರೋ ಸಲಾಕೆಯಿಂದ ಹೊಡೆದು ಕೊಂದಿದ್ದರು. ಅಂದು ಬೆಳಿಗ್ಗೆ ಅವನೊಡನೆ ಜಗಳವಾಡಿದ್ದ ತಪ್ಪಿಗೆ ಅವಳ ಮಗ ನಿಕಾನೋರ್ ಠಾಣೆಯಲ್ಲಿದ್ದ. ಸೋಮವಾರ ಅವನನ್ನು ಗ್ವಾದಲಹಾರಾದ ಜೈಲಿಗೆ ಸಾಗಿಸುವವರಿದ್ದರು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಸಾನ್ ಗಿಲ್ ಊರು ಕಂಡಿರಲಿಲ್ಲ.

"ಇನ್ನು ಉಳಿದಿರೋದು ನಾಳೆ ಒಂದೇ ದಿನ, ಯಜಮಾನ್ರೇ. ನನ್ನ ಮಗನ್ನ ಉಳಿಸಿಕೊಡಿ," ಎಂದಳು.

ಪಕ್ಕದಲ್ಲಿದ್ದ ಔಷಧದಂಗಡಿಯ ಇಲಾರಿಯೋ ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಗೆಳೆಯ ಎವಾರಿಸ್ತೋ ಪತ್ತೇದಾರನಾಗಿ ಎಂಥೆಂಥ ಗಂಟು ಬಿಡಿಸಿದ್ದನ್ನು ಅವನು ಕಂಡಿದ್ದ. ಆದರೆ ಇಲ್ಲಿ ಹಿಡಿಯಲು ಎಳೆಯೇ ಇರಲಿಲ್ಲ. ಕ್ರಿಸಾಂತೋನ ಮೇಲೆ ಹಲ್ಲು ಮಸೆಯುತ್ತಿದ್ದವನು ಇನ್ನೊಬ್ಬನೆಂದರೆ ಗಾಡಿಯ ಲಾಸಾರೋ. ಅವನ ಹೇಸರಗತ್ತೆಯನ್ನು ಕ್ರಿಸಾಂತೋ ಬಡಿದು ಸಾಯಿಸಿದ್ದ. ಆದರೆ ಲಾಸಾರೋ ನಿಕಾನೋರ್‌ನನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದ ಧರ್ಮಪಿತ; ಮಗನಂಥವನನ್ನು ಸಿಕ್ಕಿಸಿಯಾನೆಂದು ಯಾರೂ ನಂಬುವಂತಿರಲಿಲ್ಲ. ಮೇಲಾಗಿ ಕೊಲೆಯ ಹೊತ್ತಿಗೆ, ಸಾಲು ಕರಗಿ ಬೇರೆ ಯಾರೂ ಇಲ್ಲದಾಗ, ಇಗರ್ಜಿಯಲ್ಲಿ ಕೊನೆಯವನಾಗಿ ಪಾಪನಿವೇದನೆ ಮಾಡುತ್ತಿದ್ದೆನೆಂದು ಆಣೆಯಿಟ್ಟಿದ್ದ. ನಿಜವೇ ಎಂದು ದಫೇದಾರ ಕೇಳಿದ್ದಕ್ಕೆ ಫಾದರ್ ಬಾರ್ತೊಲೋ ಕಣ್ಣು ಮುಚ್ಚಿಕೊಂಡರು. ನಿವೇದನೆಯ ಗುಟ್ಟು ಕಾಯುವ ವ್ರತವಿದ್ದುದರಿಂದ, ಯಾರು ಏನು ಹೇಳಿಕೊಂಡರೆಂಬುದಿರಲಿ, ಯಾರು ಬಂದಿದ್ದರೆಂದೂ ಅವರು ಬಾಯಿಬಿಡುವವರಲ್ಲ.

"ಒಳ್ಳೇ ಸಾಕ್ಷೀನೇ ಹುಡುಕಿದಾನೆ. ಹೌದು ಅನ್ನೋ ಹಾಗಿಲ್ಲ, ಅಲ್ಲ ಅನ್ನೋ ಹಾಗೂ ಇಲ್ಲ," ಎಂದ ಎವಾರಿಸ್ತೋ, ಕೊಲೆಯ ಮರುದಿನ, ಭಾನುವಾರದ ಪೂಜೆಯಲ್ಲಿ ಏನು ನಡೆಯಿತೆಂದು ಇಲಾರಿಯೋನನ್ನು ಕೇಳಿದ.

ಏನೂ ನಡೆದಿರಲಿಲ್ಲ. ಪ್ರಸಾದದ ರೊಟ್ಟಿ ತೆಗೆದುಕೊಂಡು ಬರುವಾಗ, ಬೆಂಚಿನಲ್ಲೇ ಕುಳಿತಿದ್ದ ಲಾಸಾರೋನ ಕಾಲನ್ನು ತಾನು ತುಳಿದೆನೆಂದು ಇಲಾರಿಯೋ ನಾಚಿಕೆಯಿಂದ ಹೇಳಿದ. ಎವಾರಿಸ್ತೋ ಕುಡಿಯುತ್ತಿದ್ದ ಬಿಸಿ ಚಾಕೊಲೇಟಿನ ಬಟ್ಟಲನ್ನು ಕೆಳಗಿಟ್ಟ.

ಮಾರನೆಯ ಬೆಳಿಗ್ಗೆ, ಎಂದೂ ಇಗರ್ಜಿಯ ಹೊಸಿಲು ತುಳಿಯದ ಮುದುಕ ಎವಾರಿಸ್ತೋ ಹಿಂದಿನ ಬೆಂಚಿನಲ್ಲಿ ಕುಳಿತದ್ದು ಕಂಡು, ಇವತ್ತು ಚಾವಣಿ ಬೀಳುತ್ತದೆಂದು ಹೆಂಗಸರು ಪಿಸುಗುಟ್ಟಿದರು. ಪೂಜೆ ಮುಗಿದ ಮೇಲೆ ಅವನು ದಫೇದಾರ, ತೊಮಾಸಾ, ಲಾಸಾರೋ ಮತ್ತು ಫಾದರ್‌ರನ್ನು ಅಲ್ಲೇ ನಿಲ್ಲಿಸಿಕೊಂಡ.

"ಲಾಸಾರೋ, ಶನಿವಾರ ಪಾಪ ತೊಳ್ಕೊಂಡವನು ಭಾನುವಾರ ಪ್ರಸಾದಕ್ಕೆ ಯಾಕೆ ಏಳ್ಲಿಲ್ಲ?"

"ಮರೆತು ನೀರು ಕುಡಿದುಬಿಟ್ಟಿದ್ದೆ. ಪ್ರಸಾದಕ್ಕೆ ಮುಂಚಿನ ಉಪವಾಸ ಮುರೀತು."

"ಇವತ್ತೂ ಮರೆತ್ಯಾ?"

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ, ಆದರೆ ಲಾಸಾರೋನ ಮುಖದಲ್ಲಿದ್ದದ್ದು ಬರೀ ಆಯಾಸ. ಪ್ರಸಾದಕ್ಕೆ ಏಳದಿರುವುದೂ ಒಂದು ಸಾಕ್ಷಿಯಾದೀತೇ ಎಂದು ದಫೇದಾರ ಗೊಣಗಿದ. ನ್ಯಾಯಾಲಯಕ್ಕೆ ಅಲ್ಲವೆಂದು ಎವಾರಿಸ್ತೋ ಒಪ್ಪಿಕೊಂಡ. ಪಾಪ ಹೊತ್ತು ಆ ರೊಟ್ಟಿ ಮುಟ್ಟಬಾರದೆಂದು ನಿವೇದನೆ ಮಾಡದವರು ಕುಳಿತೇ ಇರುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಮಾಡಿದೆನೆಂದವನು ಕುಳಿತಿದ್ದರೆ ಆ ಸಂಜೆ ಅವನು ಇಲ್ಲಿಗೆ ಬಂದೇ ಇಲ್ಲ. ಬರದವನು ಬಂದೆನೆಂದು ಆಣೆಯಿಡಬೇಕಾದರೆ, ಇದ್ದ ಜಾಗ ಹೇಳುವಂಥದ್ದಲ್ಲ.

"ನೀನು ಪೊಲೀಸಿಗೆ ಸುಳ್ಳು ಹೇಳ್ದೆ, ಊರಿಗೂ ಹೇಳ್ದೆ," ಎಂದ ಎವಾರಿಸ್ತೋ ಮೆಲ್ಲಗೆ. "ಆ ರೊಟ್ಟಿ ಮುಂದೆ ಮಾತ್ರ ನಿನ್ನ ಕೈಲಿ ಆಗ್ಲಿಲ್ಲ. ಅಷ್ಟು ಒಳ್ಳೇತನ ನಿನ್ನಲ್ಲಿ ಉಳಿದಿತ್ತು."

ಲಾಸಾರೋ ಮೊಣಕಾಲೂರಿದ. "ಸತ್ತ ಹೇಸರಗತ್ತೆ ಕಣ್ಣು ಬಿಟ್ಕೊಂಡೇ ಇತ್ತು. ಅದನ್ನ ನೋಡಿದವನೇ ಗಿರಣಿಗೆ ಹೋದೆ," ಎಂದ. "ದಿನಾ ಇಗರ್ಜಿ ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ದೆ. ಹೇಳ್ಕೊಂಡ್ರೆ ಫಾದರ್, ಮೊದಲು ಆ ಹುಡುಗನ್ನ ಬಿಡಿಸು ಅಂತಾರೆ. ಹೇಳ್ಕೊಳ್ದೇ ಇದ್ರೆ ಬದುಕೋಕಾಗಲ್ಲ. ದಫೇದಾರ್ರೇ, ನಿಕಾನೋರ್‌ನ ಬಿಟ್ಬಿಡಿ. ನನ್ನನ್ನ ಕರ್ಕೊಂಡು ಹೋಗೋ ಮುಂಚೆ ಒಂದು ಗಳಿಗೆ ಕೊಡಿ."

ದಫೇದಾರ ಟೋಪಿ ತೆಗೆದು ಬಾಗಿಲ ಬಳಿ ನಿಂತ. ಫಾದರ್ ನಿವೇದನೆಯ ಪೀಠದಲ್ಲಿ ಕುಳಿತರು. ಗಂಡಸರ ವಾಡಿಕೆಯಂತೆ ಲಾಸಾರೋ ಅವರೆದುರಿಗೆ ಮಂಡಿಯೂರಿದ; ಅವನ ಬೆನ್ನು ಬಹಳ ಹೊತ್ತು ಅಲುಗಿತು.

ಮಗನನ್ನು ನೋಡಲು ಓಡಬೇಕಿದ್ದ ತೊಮಾಸಾ ಓಡಲಿಲ್ಲ. ಇಲಾರಿಯೋ ತೋಳು ಹಿಡಿದು ಕರೆದಾಗ ಬಿಡಿಸಿಕೊಂಡಳು.

"ಕೊಂದವನು ನರಕಕ್ಕೆ ಬೀಳ್ಲಿ ಅಂತ ವಾರವೆಲ್ಲ ಬೇಡ್ಕೊಂಡೆ," ಎಂದಳು. "ಈ ಪಾಪಾನ ಹೊತ್ಕೊಂಡು ಮಗನ್ನ ಹೇಗೆ ಅಪ್ಕೊಳ್ಲಿ?"

ಮುಸುಕೆಳೆದುಕೊಂಡು, ನಿವೇದನೆಗೆ ಹೆಂಗಸರು ಮಂಡಿಯೂರುವ ಪಕ್ಕದ ಜಾಲರಿಯ ಬಳಿ ಲಾಸಾರೋನ ಸರದಿ ಮುಗಿಯುವುದನ್ನು ಕಾಯುತ್ತ ಕುಳಿತಳು.