ಮೊದಲೇ ಬರೆದಿಟ್ಟ ಪ್ರವಾಸ

"ಅಕ್ಕಾ, ಮುಂದೆ ಹೋಗೇ. ಹಿಂದೆ ಜನ ಕಾಯ್ತಿದ್ದಾರೆ," ಎಂದ ತಮ್ಮ.

ಚೂಟಿಯ ಕಾಲುಗಳು ಒಪ್ಪಲಿಲ್ಲ. ಎದುರಿಗೆ ಒಂದು ಹೆಮ್ಮರದಿಂದ ಇನ್ನೊಂದು ಹೆಮ್ಮರಕ್ಕೆ ಕಟ್ಟಿದ ತೂಗುಸೇತುವೆ. ಹಲಗೆಗಳ ಸಂದಿಯಲ್ಲಿ ನೋಡಿದರೆ ಎಷ್ಟೋ ಕೆಳಗೆ ಮಳೆಕಾಡಿನ ಹಸಿರು, ಅದರ ನಡುವೆ ಅಂಗಿಗುಂಡಿಯಷ್ಟು ಚಿಕ್ಕದಾಗಿ ಅಮ್ಮನ ಹಳದಿ ಟೋಪಿ. "ಯಾರಾದ್ರೂ ಬ್ಯಾಗ್ ನೋಡ್ಕೋಬೇಕಲ್ಲ" ಎಂದು ಅಮ್ಮ ಕೆಳಗೇ ಉಳಿದಿದ್ದಳು. ಬ್ಯಾಗ್ ಕದಿಯಲು ಆ ಕಾಡಿನಲ್ಲಿ ಜಿಗಣೆಗಳ ಹೊರತು ಯಾರೂ ಇರಲಿಲ್ಲ.

ಚೂಟಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ನೆಲದ ಮೇಲೆ ಅದು ಅವಳಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಶಾಲೆಯ ಎರಡನೇ ಮಹಡಿಯಲ್ಲಿ ಮಾತ್ರ ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ಮನೆಯ ಬಾಲ್ಕನಿಯ ಕಡೆ ತಲೆಯೂ ಹಾಕುತ್ತಿರಲಿಲ್ಲ. ಅಪ್ಪನೋ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತು ಮೂವತ್ತು ಮಹಡಿಗಳ ಎತ್ತರದಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ರಿಪೇರಿ ಮಾಡುವವನು. ಅಂಥವನ ಮಗಳು ಹೀಗೆ ಎಂದು ಗೊತ್ತಾದರೆ ಮರ್ಯಾದೆ ಏನಾಗಬೇಕು?

ಅದಕ್ಕಿಂತ ದೊಡ್ಡ ಫಜೀತಿ ಬ್ಯಾಗಿನೊಳಗಿತ್ತು. 'ನನ್ನ ರಜೆಯ ಪ್ರವಾಸ' ಎಂಬ ಪ್ರಬಂಧ ಬರೆಯಲು ಟೀಚರ್ ಹೇಳಿದ್ದರು. ರಜೆಯಲ್ಲಿ ಹೋಮ್‌ವರ್ಕಿನ ಕಾಟ ಬೇಡವೆಂದು ಜಾಣೆ ಚೂಟಿ ಅದನ್ನು ಹೊರಡುವ ಮೊದಲೇ ಬರೆದು ಮುಗಿಸಿದ್ದಳು. ಅದೂ ಪೆನ್ನಿನಲ್ಲಿ.

'ನಾನು ತೂಗುಸೇತುವೆಯನ್ನು ದಾಟಿದೆ. ನನಗೆ ಸ್ವಲ್ಪವೂ ಭಯವಾಗಲಿಲ್ಲ. ತಮ್ಮ ಅತ್ತುಬಿಟ್ಟ.'

ತಮ್ಮ ಈಗ ಹಿಂದೆ ನಿಂತು ಹಾಯಾಗಿ ಚ್ಯೂಯಿಂಗ್ ಗಮ್ ಅಗಿಯುತ್ತಿದ್ದ. ಮೂರು ವಾಕ್ಯಗಳಲ್ಲಿ ಒಂದಾದರೂ ನಿಜವಾಗುವ ಲಕ್ಷಣ ಕಾಣಲಿಲ್ಲ.

"ಏನೂ ಆಗಲ್ಲ ಪುಟ್ಟಿ, ಕಣ್ಮುಚ್ಕೊಂಡು ನಡೆದುಬಿಡು," ಎಂದ ಗೈಡ್.

ಏನೂ ಆಗಲ್ಲ ಎಂದು ಯಾರು ಹೇಳಿದರೂ ಚೂಟಿಗೆ ಆಗಬಹುದಾದ ಹತ್ತು ಸಂಗತಿಗಳು ಹೊಳೆಯುತ್ತಿದ್ದವು.

ಅಷ್ಟರಲ್ಲಿ ಅಪ್ಪ ಮುಂದೆ ಬಂದ. ಧೈರ್ಯದ ಮಾತೇನೂ ಹೇಳಲಿಲ್ಲ. ತಂತಿಹಗ್ಗ ಮರಕ್ಕೆ ಸೇರುವಲ್ಲಿ ಬಗ್ಗಿ ಕೂತು, ನಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿದ. ಹಗ್ಗವನ್ನು ಜಗ್ಗಿದ. ಮೂವರ ಸೊಂಟಕ್ಕೂ ಕಟ್ಟಿದ್ದ ಸೇಫ್ಟಿ ಬೆಲ್ಟಿನ ಕೊಕ್ಕೆಗಳನ್ನು ಎಳೆದು ನೋಡಿದ.

"ಬೆಳಿಗ್ಗೆನೇ ಚೆಕ್ ಮಾಡಿದೀವಿ ಸರ್," ಗೈಡ್ ಮುಖ ಸಿಂಡರಿಸಿದ.

"ಇರಲಿ. ಒಂದ್ಸಲಕ್ಕೆ ಎಷ್ಟು ಜನ ಹೋಗಬಹುದು?"

"ಆರು."

"ನಾವು ಮೂರೇ ಜನ ಹೋಗ್ತೀವಿ," ಎಂದ ಅಪ್ಪ ಎರಡನೇ ಸಲ ಮೊದಲ ನಟ್ಟಿನಿಂದ ಶುರುಮಾಡಿದ.

ಸಾಲಿನಲ್ಲಿ ಗುಸುಗುಸು ಎದ್ದಿತು. ಅಲ್ಲಿಯತನಕ ಸೆಲ್ಫಿ ತೆಗೆಯುತ್ತಿದ್ದವರು ಫೋನ್ ಜೇಬಿಗಿಳಿಸಿ ನಟ್ಟುಗಳನ್ನೇ ನೋಡತೊಡಗಿದರು. ತಮ್ಮನ ದವಡೆ ನಿಂತುಹೋಯಿತು.

"ಅಪ್ಪಾ, ಇದು ಬಿದ್ದೋಗುತ್ತಾ?"

ಅಪ್ಪ ಮೂರನೇ ಸಲ ಶುರುಮಾಡುವ ಹೊತ್ತಿಗೆ ತಮ್ಮ ಗೊಳೋ ಎಂದು ಅಳುತ್ತಾ, ಬ್ಯಾಗ್ ಕಾಯುವ ಕೆಲಸದಲ್ಲಿ ಅಮ್ಮನಿಗೆ ನೆರವಾಗಲು ಮೆಟ್ಟಿಲಿಳಿಯುತ್ತಿದ್ದ.

ಚೂಟಿ ಅಪ್ಪನ ಕೈಗಳನ್ನೇ ನೋಡುತ್ತಿದ್ದಳು. ಅವು ಈಗಷ್ಟೇ ನೋಡಿದ ನಟ್ಟಿಗೇ ಮತ್ತೆ ವಾಪಸು ಹೋಗುತ್ತಿದ್ದವು.

"ಮೂರ್ಮೂರು ಸಲ ಯಾಕಪ್ಪಾ ನೋಡ್ತೀಯಾ?"

"ಕೆಲಸದಲ್ಲೂ ಹಂಗೇ ಕಣೇ."

"ರೂಲ್ಸಾ?"

"ರೂಲ್ಸಲ್ಲಿ ಒಂದೇ ಸಲ ಅಂತಿರೋದು." ಅಪ್ಪ ದನಿ ತಗ್ಗಿಸಿದ. "ಇನ್ನೆರಡು ನನ್ನ ಹೆದರಿಕೆಗೆ."

"ನಿಂಗೂ ಹೆದರಿಕೆನಾ? ದಿನಾನೂ?"

"ಭಾನುವಾರ ಒಂದು ಬಿಟ್ಟು. ಈ ಭಾನುವಾರ ನಿಮ್ಮಮ್ಮ ಇಲ್ಲಿಗೆ ಕರ್ಕೊಂಡು ಬಂದ್ಲು."

ಚೂಟಿಗೆ ನಗು ಬಂತು. ಅವಳು ತನ್ನ ಕೊಕ್ಕೆಯನ್ನು ತಾನೇ ಎಳೆದು ನೋಡಿದಳು. ಒಂದು ಸಲ, ಎರಡು ಸಲ, ಮೂರು ಸಲ. ಕಣ್ಣು ಬಿಟ್ಟುಕೊಂಡೇ ಮೊದಲ ಹಲಗೆಯ ಮೇಲೆ ಕಾಲಿಟ್ಟಳು.

ಸೇತುವೆ ತೂಗಿತು. "ಅಪ್ಪಾ, ಬರ್ತಿದೀಯಾ?"

"ಮಾತಾಡಿಸಬೇಡ. ಹಲಗೆ ಎಣಿಸ್ತಿದೀನಿ."

ಚೂಟಿಯೂ ಎಣಿಸುತ್ತಿದ್ದಳು. ಆಚೆ ಮರ ಮುಟ್ಟಿದಾಗ ಅವಳ ಲೆಕ್ಕಕ್ಕೆ ಅರವತ್ತೆರಡು, ಅಪ್ಪನ ಲೆಕ್ಕಕ್ಕೆ ಅರವತ್ತೈದು. ಇನ್ನೊಮ್ಮೆ ಎಣಿಸಿ ನೋಡೋಣವೆಂದು ಇಬ್ಬರೂ ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನೋಟ್‌ಬುಕ್ ತೆಗೆದಳು. ಮೊದಲ ವಾಕ್ಯ ಸರಿಯಾಗಿತ್ತು. ಮೂರನೆಯದೂ ಸರಿಯಾಗಿತ್ತು. ನಡುವಿನದೊಂದನ್ನು ಹೊಡೆದುಹಾಕಿ, ಅದರ ಮೇಲೆ ಬರೆದಳು: 'ನನಗೆ ತುಂಬ ಭಯವಾಯಿತು.'

ಸೋಮವಾರ ಬೆಳಿಗ್ಗೆ ಅಪ್ಪ ಟೂಲ್ ಬ್ಯಾಗ್ ಹೆಗಲಿಗೇರಿಸಿ ಹೊರಟ. ದಿನವೂ ತಲೆಯೆತ್ತದೆ ಟಾಟಾ ಹೇಳುತ್ತಿದ್ದ ಚೂಟಿ ಇವತ್ತು ಬಾಗಿಲ ತನಕ ಬಂದಳು.

"ಅಪ್ಪಾ, ಮೂರು ಸಲ ನೋಡ್ಕೋ."

"ಹ್ಞೂಂ ಕಣೇ," ಎಂದು ಅಪ್ಪ ಮೆಟ್ಟಿಲಿಳಿದ.

ಚೂಟಿ ಬಾಲ್ಕನಿಗೆ ಹೋದಳು. ಕಂಬಿಯನ್ನು ಮೂರು ಸಲ ಅಲುಗಾಡಿಸಿ ನೋಡಿದಳು. ಆಮೇಲೆ ಅದನ್ನು ಬಿಗಿಯಾಗಿ ಹಿಡಿದು, ಕೆಳಗೆ ಅಪ್ಪ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತಳು.