ಹಳ್ಳದ ಏರಿನಲ್ಲಿ ಥೆಲ್ಮಾಳ ಗಾಡಿ

ನಾನು ಹಾಲ್ಸ್ ಕ್ರೀಕ್ ಎಂಬ ಒಣನಾಡಿನ ಊರಿನ ಕಡೆಯ ಮೆಕ್ಯಾನಿಕ್. ನರ್ಸ್ ಥೆಲ್ಮಾಳ ಫೋರ್‌ವೀಲ್ ಡ್ರೈವ್ ಡೀಸೆಲ್ ಗಾಡಿ ಬೇರೆಲ್ಲೂ ಕೈಕೊಡದೆ, ಒಣಹಳ್ಳದ ಏರಿನಲ್ಲಿ ಮಾತ್ರ ಕಸುವು ಕಳೆದುಕೊಳ್ಳುತ್ತಿತ್ತು. ರೋಗಿಗಳನ್ನು ಅವಳು ಆ ದಾರಿಯಲ್ಲೇ ಸಾಗಿಸಬೇಕು.

"ಈ ಸಲ ಕಾರಣ ಹಿಡೀದೆ ಬಿಡಲ್ಲ," ಎಂದೆ.

"ಹೋದ ಸಲಾನೂ ಇದೇ ಅಂದಿದ್ದೆ, ಮಾರಾಯ," ಎಂದು ನಕ್ಕಳು.

ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಕೊಳವೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆ. ಎಲ್ಲೂ ಗಾಳಿ ಸೋರುತ್ತಿರಲಿಲ್ಲ. ಅದಕ್ಕೆ ಒತ್ತಡದ ಮೀಟರ್ ಜೋಡಿಸಿ ಮಟಮಟ ಮಧ್ಯಾಹ್ನ ಇಬ್ಬರೂ ಹೊರಟೆವು, ಸ್ಟಿಯರಿಂಗ್ ನನ್ನ ಕೈಲಿತ್ತು. ಏರಿನಲ್ಲಿ ಟರ್ಬೊ ಸರಿಯಾಗಿಯೇ ಸೀಟಿ ಹೊಡೆಯುತ್ತಿತ್ತು, ಮೀಟರಿನ ಮುಳ್ಳೂ ಇರಬೇಕಾದಲ್ಲೇ ಇತ್ತು. ಆದರೂ ಗಾಡಿ ತೆವಳಿತು. ಸುಡುಬಿಸಿಲಿನಲ್ಲಿ ನನ್ನ ಕುತ್ತಿಗೆಗೆ ಹಿಂದಿನಿಂದ ತಣ್ಣನೆಯ ಉಸಿರು ತಾಗಿತು.

"ಹಿಂದೆ ಏನ್ ಹೇರಿದೀಯ?"

"ಏನೂ ಇಲ್ಲ. ಬಾಗಿಲು ಹಾಕಿ ಬೀಗ ಜಡಿದವನು ನೀನೇ."

ಇಳಿದು ನೋಡಿದೆ. ಚಕ್ರಗಳು ಸಲೀಸಾಗಿದ್ದವು, ಬ್ರೇಕ್ ಹಿಡಿದಿರಲಿಲ್ಲ. ಆದರೆ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮಣಭಾರ ಹೊತ್ತಂತೆ ಕುಸಿದಿದ್ದವು. ಹಾಗಂತ ಹಿಂತಿರುಗಲು ಮನಸ್ಸಾಗಲಿಲ್ಲ. ಮೊದಲ ಗೇರಿನಲ್ಲೇ ಹತ್ತಿಸಿದೆ.

ದಿಣ್ಣೆಯ ಮೇಲೆ ಗಾಡಿ ನಿಲ್ಲಿಸಿದೊಡನೆ ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದು ನಾಲ್ಕು ಸಲ ಕೇಳಿತು. ಪ್ರತಿ ಸಲವೂ ಗಾಡಿ ಒಂದಿಷ್ಟು ಮೇಲೆದ್ದಿತು. ಇಳಿದು ಹೋಗಿ ನೋಡಿದೆ. ಬೀಗ ಹಾಕಿದಂತೆಯೇ ಇತ್ತು.

"ಹೋದ ವಾರ ಮೂರೇ ಸಲ ಕೇಳಿತ್ತು," ಎಂದಳು ಥೆಲ್ಮಾ.